ಮಾತ್ರೆ ನುಂಗದ ಮೇಷ್ಟ್ರು

ಮಾರ್ಚ್ ೪, ಮಂಗಳವಾರ

ಈ ಡೈರಿ ಬರೆಯುವ ಯೋಚನೆ ನನ್ನದಲ್ಲ, ತಮ್ಮನದು. "ಅಕ್ಕಾ, ನೀನು ಸಿಸ್ಟರುಗಳ ಮೇಲೆ ಕೂಗಾಡ್ತೀಯ, ಆಮೇಲೆ ಸೂಜಿ ಚುಚ್ಚಿಸ್ಕೊಳ್ಳೋನು ನಾನು. ಸಿಟ್ಟು ಬಂದಾಗ ಎಲ್ಲಾದ್ರೂ ಬರ್ದು ಹಾಕು ಮಾರಾಯ್ತಿ" ಎಂದ. ರಕ್ತದ ಕ್ಯಾನ್ಸರ್ ಬಂದು ಮಲಗಿದ್ದರೂ ಅವನ ಕೊಂಕು ಮಾತಿಗೆ ಏನೂ ಕಾಯಿಲೆ ಬಂದಿಲ್ಲ.

ಸರಿ, ಬರೆಯುತ್ತೇನೆ. ಇವತ್ತು ಎರಡು ಸಲ ಸಿಟ್ಟು ಬಂತು.

ಮೊದಲನೆಯದು ಡಾಕ್ಟರ ಮೇಲೆ. ತಮ್ಮನ ಮೈಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿದೆಯಂತೆ. ಗಾಯವಾದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಂತೆ ಅವು. ಅವಿಲ್ಲದೆ ಹಲ್ಲುಜ್ಜಿದರೂ ಒಸಡಿನಿಂದ ರಕ್ತ. ತಲೆಯೊಳಗೆ ಸೋರಿಬಿಟ್ಟರೆ ಕೈಮೀರಿತು ಎಂದರು. ನಾನು ತೋಳು ಮಡಚಿ, "ನನ್ನದು ತಗೊಳ್ಳಿ, ಎಷ್ಟು ಬೇಕೋ ಅಷ್ಟು" ಎಂದೆ. ಆಗಲ್ಲವಂತೆ! "ನಿಮ್ಮ ಮಜ್ಜೆ ತಮ್ಮನಿಗೆ ಹೊಂದುತ್ತೆ. ಮುಂದೆ ಅದನ್ನೇ ಕೊಡಬೇಕು. ಈಗಲೇ ನಿಮ್ಮ ರಕ್ತದ್ದು ಏನಾದ್ರೂ ಕೊಟ್ರೆ ಅವರ ಮೈ ಅದನ್ನ ಶತ್ರು ಅಂತ ಗುರುತು ಇಟ್ಕೊಂಡ್ಬಿಡುತ್ತೆ" ಎಂದರು. ಒಡಹುಟ್ಟಿದ ಅಕ್ಕ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿರುವಾಗ ಯಾರ ಯಾರ ಬಾಗಿಲನ್ನೋ ತಟ್ಟಬೇಕು. ಯಾರ ಹತ್ತಿರವೂ ಏನೂ ಕೇಳಿ ಅಭ್ಯಾಸವಿಲ್ಲದವಳು ನಾನು.

ಎರಡನೆಯದು ಕೋಟಿನವನ ಮೇಲೆ. ನಮ್ಮ ಲಾಂಡ್ರಿಗೆ ಕೋಟು ಒಗೆಯಲು ಕೊಟ್ಟಿದ್ದ ಗಿರಾಕಿ ಅವನು. ಜನ ಇರುವಾಗಲೇ ಬಂದು, "ನನ್ನ ಕೋಟಿನ ಗುಂಡಿ ಎಲ್ಲಿ?" ಎಂದು ಗಂಟಲು ಹರಿಯುವಂತೆ ಕೂಗಿದ. ನಾನೂ ಬಿಡಲಿಲ್ಲ. "ನಿಮ್ಮ ಹೊಟ್ಟೆ ಮುಂದೆ ಬಂದಿದ್ದಕ್ಕೆ ಗುಂಡಿ ಹಾರಿಹೋಗಿದೆ, ಅದಕ್ಕೆ ನನ್ನ ಮಷೀನು ಏನು ಮಾಡುತ್ತೆ?" ಎಂದೆ. ಕೋಟು ಕಿತ್ತುಕೊಂಡು ಹೋದ. ಆಮೇಲೆ ನೋಡಿದರೆ, ಜೇಬಿನಲ್ಲಿ ಸಿಕ್ಕಿದ್ದನ್ನು ಹಾಕುವ ಡಬ್ಬಿಯಲ್ಲಿ ಅವನ ಆಫೀಸಿನ ಗುರುತಿನ ಕಾರ್ಡು ಬಿದ್ದಿದೆ. ಫೋಟೋ, ಆಫೀಸಿನ ವಿಳಾಸ, ರಕ್ತದ ಗುಂಪು, ಎಲ್ಲ ಇರುವ ಕಾರ್ಡು. ಅದರ ಕೆಳಗೇ ಗುಂಡಿ! ಒಗೆಯುವ ಮುಂಚೆಯೇ ಸಡಿಲವಾಗಿದೆ ಎಂದು ನಾನೇ ಬಿಚ್ಚಿಟ್ಟು ಮರೆತಿದ್ದೆ.

"ಕೊಟ್ಟು ಬರ್ಲಾ?" ಎಂದು ಇವರು ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತದೆ ಕೇಳಿದರು.

"ಬೇಡ. ಬೇಕಿದ್ರೆ ಅವನೇ ಬಂದು ಕೇಳ್ಲಿ."

ಮಾರ್ಚ್ ೬, ಗುರುವಾರ

ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಪ್ಲೇಟ್‌ಲೆಟ್ ಏನಾಯಿತೆಂದು ಕೇಳಲು ರಕ್ತ ತೆಗೆಯುವ ಕೋಣೆಗೆ ಹೋದೆ. ಕಿಟಕಿ ಪಕ್ಕದ ಒರಗುಕುರ್ಚಿಯಲ್ಲಿ ನರೆಗೂದಲಿನ ಒಬ್ಬರು ಕತ್ತಿನವರೆಗೂ ಕಂಬಳಿ ಹೊದ್ದು, ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಿದ್ದರು. ನನ್ನ ತಮ್ಮ ಅಲ್ಲಿ ಒಸಡು ಒತ್ತಿಕೊಂಡು ಕೂತಿದ್ದಾನೆ, ಇಲ್ಲಿ ಇವರಿಗೆ ಮಧ್ಯಾಹ್ನದ ನಿದ್ದೆ! "ರೀ, ಇದು ಆಸ್ಪತ್ರೆ ಕಣ್ರೀ, ನಿಮ್ಮ ಮಲಗೋ ಮನೆ ಅಲ್ಲ. ರಕ್ತ ಕೊಡೋರಿಗೆ ಜಾಗ ಬಿಡಿ" ಎಂದೆ.

ಅವರು ಒಂದು ಕಣ್ಣು ತೆರೆದು, "ಇನ್ನೊಂದು ಅರ್ಧ ಗಂಟೆ ಎದ್ದೇಳೋ ಹಾಗಿಲ್ವಲ್ಲಮ್ಮಾ. ಗಾಡಿ ಓಡ್ತಾ ಇದೆ" ಎಂದರು.

ಕನ್ನಡಕದ ಸಿಸ್ಟರ್ ಬಂದು ಕಂಬಳಿಯ ಅಂಚು ಎತ್ತಿ ತೋರಿಸಿದರು. ತೋಳಿನಿಂದ ಕೊಳವೆ ಹೊರಟು ಪಕ್ಕದ ಯಂತ್ರಕ್ಕೆ ಹೋಗಿದೆ. ಯಂತ್ರ ರಕ್ತವನ್ನು ಗಿರ್ರನೆ ತಿರುಗಿಸಿ ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಮತ್ತೆ ಅವರ ಮೈಗೇ ಕಳಿಸುತ್ತದೆ. ಹಾಗೆ ವಾಪಸು ಬರುವ ರಕ್ತ ತಣ್ಣಗಿರುವುದರಿಂದ ಚಳಿಯಾಗುತ್ತದಂತೆ. ಅದಕ್ಕೇ ಕಂಬಳಿ. ಮೇಲೆ ತೂಗುಬಿಟ್ಟ ಚೀಲದಲ್ಲಿ ತಿಳಿ ಹಳದಿ ಬಣ್ಣದ್ದು ಸ್ವಲ್ಪಸ್ವಲ್ಪವೇ ತುಂಬುತ್ತಿತ್ತು. ರಕ್ತದೊಳಗೆ ಇಂಥ ಬಣ್ಣ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಇದು ನಿಮ್ಮ ತಮ್ಮನಿಗೇ" ಎಂದರು ಸಿಸ್ಟರ್.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಮನುಷ್ಯ ನಕ್ಕರು. "ಪರವಾಗಿಲ್ಲ ಬಿಡಿ. ನಾನು ಡ್ರೈವಿಂಗ್ ಕಲಿಸೋನು. ದಿನಾ ಹಿಂದಿನ ಗಾಡಿಯವರ ಹತ್ರ ಬೈಸ್ಕೊಂಡು ಅಭ್ಯಾಸ ಇದೆ."

ಸಂಜೆ ಆ ಚೀಲ ತಮ್ಮನ ತಲೆಯ ಮೇಲೆ ನೇತಾಡಿತು. ಹೊತ್ತು ಮುಳುಗುವಷ್ಟರಲ್ಲಿ ಒಸಡಿನ ರಕ್ತ ನಿಂತಿತು. ಅವನು ಬ್ರೆಡ್ಡು ತಿಂದ. ನಾನು ಮೂಲೆಯಲ್ಲಿ ನಿಂತು ಅತ್ತೆ.

ಮಾರ್ಚ್ ೧೫, ಶನಿವಾರ

ಮೇಷ್ಟ್ರು ಮತ್ತೆ ಬಂದಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ತಮ್ಮನದು ಬಿ ನೆಗೆಟಿವ್. ಆ ಗುಂಪಿನವರು ಸಿಗುವುದೇ ಅಪರೂಪ. ಸಿಕ್ಕವರಲ್ಲೂ ಒಬ್ಬರಿಗೆ ನರ ಸಣ್ಣ, ಒಬ್ಬರಿಗೆ ತೂಕ ಸಾಲದು. ಕೊಟ್ಟ ಚೀಲವನ್ನಾದರೂ ಬಹಳ ದಿನ ಇಡಲಾಗುತ್ತದೆಯೇ? ಅದೂ ಇಲ್ಲ, ವಾರದೊಳಗೇ ಕೆಡುತ್ತದೆ. ಒಂದು ಕಪಾಟಿನಲ್ಲಿಟ್ಟು ತೊಟ್ಟಿಲಿನ ಹಾಗೆ ತೂಗುತ್ತಲೇ ಇರಬೇಕು, ಇಲ್ಲದಿದ್ದರೆ ಗಂಟುಕಟ್ಟುತ್ತದೆ. ಹೀಗಾಗಿ ಫೋನು ಹೋಗುವುದು ಮೇಷ್ಟ್ರಿಗೇ. ಅವರು ಪಾಠ ನಿಲ್ಲಿಸಿ ಬರುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ಅಂತೆ.

"ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಬಂದಿತ್ತಾ?" ಎಂದು ಕೇಳಿದೆ. ಏನಾದರೂ ದೊಡ್ಡ ಕಥೆ ಇದ್ದೇ ಇರುತ್ತದೆ ಅಂದುಕೊಂಡಿದ್ದೆ.

"ಇಲ್ಲಮ್ಮ. ಒಂದಿನ ಕಲಿಯೋರೊಬ್ರು ಈ ಗೇಟಿಗೇ ಗಾಡಿ ಗುದ್ದಿದ್ರು. ಸಾರಿ ಕೇಳೋಣ ಅಂತ ಒಳಗೆ ಬಂದೆ, ಹಿಡ್ಕೊಂಡ್ರು" ಎಂದರು.

ಸೂಜಿ ಚುಚ್ಚಿದ ಮೇಲೆ ಅವರ ತುಟಿಯೆಲ್ಲ ಜುಮ್ಮೆನ್ನುತ್ತದಂತೆ. ಅದಕ್ಕೆ ಸಿಸ್ಟರ್ ನೀರಿನಲ್ಲಿ ಬುಸ್ಸೆಂದು ನೊರೆಯೇಳುವ ಕ್ಯಾಲ್ಸಿಯಂ ಬಿಲ್ಲೆ ಕೊಡುತ್ತಾರೆ. ಅದನ್ನು ಕುಡಿದು, "ಸೋಡಾ ಫ್ರೀ" ಎಂದು ನನಗೆ ಕಣ್ಣು ಹೊಡೆದರು. ಇಂಥ ಮನುಷ್ಯನ ಮುಂದೆ ಸಿಟ್ಟು ಮಾಡುವುದಾದರೂ ಹೇಗೆ!

ಅವರ ಅಂಗಿಯ ಕಾಲರಿನ ಮೇಲೆ ಗ್ರೀಸಿನ ಕಲೆ ಇತ್ತು. ನಾಳೆ ತಂದುಕೊಡಿ ಎಂದೆ. ಕೊಳೆ ಕಂಡರೆ ನನಗೆ ಆಗುವುದಿಲ್ಲ, ಅಷ್ಟೇ.

ಮಾರ್ಚ್ ೨೮, ಶುಕ್ರವಾರ

ಜ್ವರ. ತಮ್ಮ ಮಾತಾಡುತ್ತಿಲ್ಲ. ಕೊಂಕು ಮಾತೂ ಇಲ್ಲ. ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ ೩೦, ಭಾನುವಾರ

ಜ್ವರ ಇಳಿದಿದೆ. "ಅಕ್ಕಾ, ನಿನ್ನ ಮುಖ ಯಾಕೆ ಇಸ್ತ್ರಿ ಹಾಕದ ಬಟ್ಟೆ ಥರ ಆಗಿದೆ?" ಎಂದ. ಹಾಗೆಂದು ಅವನು ನಕ್ಕಾಗ ಜೀವ ಬಂದಂತಾಯಿತು. ಮೇಷ್ಟ್ರ ಅಂಗಿಗಳು ಈಗ ನಮ್ಮಲ್ಲೇ ಇಸ್ತ್ರಿಯಾಗುತ್ತಿವೆ.

ಏಪ್ರಿಲ್ ೪, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಪೆನ್ನು ಹಿಡಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬೆಳಿಗ್ಗೆ ಮೇಷ್ಟ್ರು ಅಂಗಿ ಒಯ್ಯಲು ಲಾಂಡ್ರಿಗೆ ಬಂದರು. ದವಡೆ ಊದಿಕೊಂಡಿತ್ತು. ಹಲ್ಲುನೋವು. ಮುಖ ಕಿವುಚಿಕೊಂಡೇ, "ಏನಿಲ್ಲ ಬಿಡಿ. ಹತ್ತು ಗಂಟೆಗೆ ಆಸ್ಪತ್ರೇಲಿ ಸಿಗ್ತೀನಿ. ನಿಮ್ಮ ತಮ್ಮಂಗೆ ಇವತ್ತು ಬೇಕಂತೆ" ಎಂದರು. ಅವರ ಸಂಕಟ ನೋಡಲಾಗಲಿಲ್ಲ. ನೀರಿನಲ್ಲಿ ಹಾಕಿದರೆ ಬುಸ್ಸೆನ್ನುವ ತಲೆನೋವಿನ ಮಾತ್ರೆ ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಹಬೆಯಲ್ಲಿ ನಿಂತು ನಿಂತು ನನಗೆ ದಿನವೂ ತಲೆ ಸಿಡಿಯುತ್ತದಲ್ಲ, ಅದಕ್ಕೆ. ಒಂದು ಲೋಟಕ್ಕೆ ಎರಡು ಬಿಲ್ಲೆ ಹಾಕಿ, "ಸುಮ್ನೆ ಕುಡೀರಿ, ಎದುರು ಮಾತಾಡ್ಬೇಡಿ" ಎಂದು ಕೈಗಿತ್ತೆ. ನನ್ನ ದನಿಗೆ ಹೆದರದವರು ಯಾರಿದ್ದಾರೆ? ಅವರು ಗಟಗಟನೆ ಕುಡಿದರು.

ಆಸ್ಪತ್ರೆಗೆ ಹೋದಾಗ ತಮ್ಮನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಹತ್ತಿ ತುರುಕಿದರೂ ನಿಲ್ಲುತ್ತಿಲ್ಲ. ಅವನ ಗುಂಪಿನ ಚೀಲ ಒಂದೂ ಇಲ್ಲ. ಇವತ್ತು ಪ್ಲೇಟ್‌ಲೆಟ್ ಹೋಗಲೇಬೇಕು ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ರಕ್ತದ ಕೋಣೆಗೆ ಓಡಿದೆ. ಮೇಷ್ಟ್ರು ಆಗಲೇ ಕುರ್ಚಿಯಲ್ಲಿದ್ದರು. ಸಿಸ್ಟರ್ ಎಂದಿನಂತೆ ಕೇಳುತ್ತಿದ್ದರು: "ಮೂರು ದಿನದಿಂದ ಏನಾದ್ರೂ ಮಾತ್ರೆ?"

"ನಾನು ಯಾವತ್ತು ತಗೊಂಡಿದೀನಿ ಸಿಸ್ಟರ್? ಈ ಅಮ್ಮ ಬೆಳಿಗ್ಗೆ ಕ್ಯಾಲ್ಸಿಯಂ ನೀರು ಕೊಟ್ರು, ಅಷ್ಟೇ."

ಸಿಸ್ಟರ್ ಹತ್ತಿಯಿಂದ ಅವರ ತೋಳು ಒರೆಸುತ್ತಿದ್ದರು. "ಯಾಕೆ, ಮಾತ್ರೆ ತಗೊಂಡ್ರೆ ಏನಾಗುತ್ತೆ?" ಎಂದು ಕೇಳಿದೆ.

"ಕೆಲವು ನೋವಿನ ಮಾತ್ರೆ ಪ್ಲೇಟ್‌ಲೆಟ್‌ಗಳನ್ನ ಮಂಕು ಮಾಡ್ಬಿಡುತ್ತಮ್ಮ. ಎಣಿಸೋಕೆ ಸಿಗ್ತವೆ, ಕೆಲಸಕ್ಕೆ ಬರಲ್ಲ. ಚೀಲ ಏರಿಸಿದ್ರೂ ರಕ್ತ ನಿಲ್ಲದೆ ಇರಬಹುದು."

ಸುಮ್ಮನಿದ್ದುಬಿಡಬಹುದಿತ್ತು. ಇದನ್ನು ಬರೆದೇ ತೀರಬೇಕು, ಏಕೆಂದರೆ ಸುಮ್ಮನಿರಬೇಕು ಎಂದು ನನಗೆ ಅನಿಸಿತು. ಸಿಕ್ಕಿದ್ದು ಸಿಗಲಿ, ಚೀಲ ಒಂದು ಏರಲಿ, ಎಲ್ಲೋ ಸ್ವಲ್ಪ ಕೆಲಸ ಮಾಡೀತು ಎಂದು ಮನಸ್ಸು ಒದ್ದಾಡಿತು. ಹೇಳಿದರೆ ಇದ್ದ ಒಂದು ದಾರಿಯೂ ಮುಚ್ಚಿಹೋಗುತ್ತದೆ, ಮುಚ್ಚಿದವಳು ನಾನೇ ಆಗುತ್ತೇನೆ. ಸೂಜಿ ತೋಳಿನ ಹತ್ತಿರ ಬಂತು.

"ಬೇಡ!" ಎಂದು ಕಿರುಚಿದೆ. "ಅದು ಕ್ಯಾಲ್ಸಿಯಂ ಅಲ್ಲ. ತಲೆನೋವಿನ ಮಾತ್ರೆ. ನಾನೇ ಕೊಟ್ಟೆ, ಎರಡು."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸಿಸ್ಟರ್ ಸೂಜಿ ಕೆಳಗಿಟ್ಟು ಪಟ್ಟಿಯಲ್ಲಿದ್ದ ಬೇರೆಯವರಿಗೆ ಫೋನು ಮಾಡತೊಡಗಿದರು. ಒಬ್ಬರು ಊರಲ್ಲಿಲ್ಲ, ಒಬ್ಬರಿಗೆ ಶೀತ. ನಾನು ಗೋಡೆಗೆ ಒರಗಿ ಕುಸಿದು ಕೂತೆ. ನನ್ನ ಕೈಯಾರೆ ತಮ್ಮನ ಕುತ್ತಿಗೆ ಹಿಸುಕಿದೆ ಅನಿಸಿತು. ಮೇಷ್ಟ್ರು ಎದ್ದು ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಗಾಡಿ ಆಫ್ ಆಗಿದೆ, ಕೆಟ್ಟಿಲ್ಲ. ಮತ್ತೆ ಸ್ಟಾರ್ಟ್ ಮಾಡೋಣ. ನಿಮ್ಮ ಲಾಂಡ್ರಿಗೆ ದಿನಾ ಅಷ್ಟು ಜನ ಬರ್ತಾರಲ್ಲ, ಬಿ ನೆಗೆಟಿವ್ ಯಾರಾದ್ರೂ ಇದಾರಾ, ಯೋಚ್ನೆ ಮಾಡಿ."

"ಬಟ್ಟೆ ಕೊಡೋರ ರಕ್ತದ ಗುಂಪು ನಂಗೆ ಹೇಗ್ರೀ..." ಎನ್ನುತ್ತಿದ್ದ ಹಾಗೇ ಡಬ್ಬಿ ನೆನಪಾಯಿತು. ಕೋಟಿನವನ ಕಾರ್ಡು. ಫೋಟೋದ ಕೆಳಗೆ ಕೆಂಪಕ್ಷರದಲ್ಲಿ ಬಿ, ಅದರ ಪಕ್ಕ ಒಂದು ಅಡ್ಡಗೆರೆ.

ದೇವರೇ, ಇಡೀ ಊರಿನಲ್ಲಿ ಅವನೇ ಸಿಗಬೇಕಿತ್ತೇ!

ಮೇಷ್ಟ್ರು ಕಲಿಸುವ ಕಾರಿನಲ್ಲೇ ಹೊರಟೆವು. ಲಾಂಡ್ರಿಯಲ್ಲಿ ಕಾರ್ಡು, ಗುಂಡಿ ಎತ್ತಿಕೊಂಡೆ. ಮೇಷ್ಟ್ರು ಹಳದಿ ದೀಪಕ್ಕೂ ನಿಲ್ಲಿಸುವ ಆಸಾಮಿ. "ತುಳೀರಿ ಮೇಷ್ಟ್ರೇ!" ಎಂದು ಕೂಗಿದರೆ, "ಮುಟ್ಟಬೇಕಲ್ವಾ ತಂಗೀ?" ಎಂದರು. ಮೊದಲ ಸಲ ತಂಗಿ ಎಂದರು. ಆಫೀಸಿನ ಗೇಟಿನಲ್ಲಿ ಇಳಿಸುತ್ತಾ, "ಒಂದ್ಸಲ ಉಸಿರು ಬಿಟ್ಟು ಒಳಗೆ ಹೋಗಿ. ಜಗಳಕ್ಕೆ ಹೋಗೋರ ಥರ ಕಾಣ್ತಿದೀರ" ಎಂದರು.

ಕೋಟಿನವರು ಮೇಜಿನ ಹಿಂದೆ ಕೂತಿದ್ದರು. ಅದೇ ಕೋಟು, ಗುಂಡಿಯ ಜಾಗ ಖಾಲಿ. ನನ್ನನ್ನು ನೋಡಿ ಮುಖ ಗಂಟಿಕ್ಕಿದರು. ಕಾರ್ಡನ್ನೂ ಗುಂಡಿಯನ್ನೂ ಮೇಜಿನ ಮೇಲಿಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಗುಂಡಿ ನನ್ನ ಹತ್ರಾನೇ ಇತ್ತು. ಕಾರ್ಡೂ ಇತ್ತು. ಹಟಕ್ಕೆ ಕೊಡ್ಲಿಲ್ಲ. ತಪ್ಪು ನಂದು. ನನ್ನ ತಮ್ಮಂಗೆ ರಕ್ತ ನಿಲ್ತಿಲ್ಲ. ನಿಮ್ಮ ಗುಂಪೇ ಬೇಕು. ನನ್ನ ಮೇಲಿನ ಸಿಟ್ಟು ಅವನ ಮೇಲೆ ತೀರಿಸ್ಬೇಡಿ. ಕೈ ಮುಗೀತೀನಿ" ಎಂದೆ. ನಿಜವಾಗಿಯೂ ಕೈ ಮುಗಿದೆ. ಆಫೀಸಿನವರೆಲ್ಲ ನೋಡುತ್ತಿದ್ದರು, ನೋಡಲಿ.

ಅವರು ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಾರ್ಡಿಲ್ದೆ ತಿಂಗಳಿಂದ ಗೇಟಲ್ಲಿ ದಿನಾ ಬೈಸ್ಕೊಂಡು ಒಳಗೆ ಬರ್ತಿದೀನಿ ಕಣ್ರೀ" ಎಂದರು. ಆಮೇಲೆ ಎದ್ದು ನಿಂತರು. "ಒಂದು ವಿಷ್ಯ. ಸೂಜಿ ಕಂಡ್ರೆ ನಂಗೆ ಕಣ್ಣು ಕತ್ತಲೆ ಬರುತ್ತೆ. ಬಿದ್ರೆ ನಗಬಾರ್ದು."

ಅವರ ನರ ದಪ್ಪವಿತ್ತು. ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು. ಮೇಷ್ಟ್ರು ಊದಿದ ದವಡೆ ಹಿಡಿದುಕೊಂಡೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಗಾಜಿನ ಆಚೆ ನಿಂತು ನೋಡಿದೆ, ಬಾಗಿಲ ಸಂದಿಯಿಂದ ಮಾತು ಕೇಳಿಸುತ್ತಿತ್ತು. "ಸೂಜಿ ನೋಡ್ಬೇಡಿ, ನನ್ನ ನೋಡಿ. ಹಾಂ, ಈಗ ಚೆಂಡು ಒತ್ತಿ. ಬಿಡಿ. ನಿಧಾನ, ನಿಧಾನ, ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ. ಮತ್ತೆ ಒತ್ತಿ." ಅಷ್ಟು ದೊಡ್ಡ ಮನುಷ್ಯ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಕ್ಕಳ ಹಾಗೆ ಒತ್ತುತ್ತಿದ್ದರು, ಬಿಡುತ್ತಿದ್ದರು. ಅವರ ಹಣೆಯ ಬೆವರನ್ನು ಮೇಷ್ಟ್ರು ತಮ್ಮ ಕರ್ಚೀಫಿನಿಂದ ಒರೆಸಿದರು.

ಸಂಜೆ ಚೀಲ ಏರಿತು. ಕತ್ತಲಾಗುವ ಮುಂಚೆ ತಮ್ಮನ ಮೂಗಿನ ಹತ್ತಿ ಬೆಳ್ಳಗೇ ಉಳಿಯಿತು.

ಏಪ್ರಿಲ್ ೫, ಶನಿವಾರ

ಕನ್ನಡಕದ ಸಿಸ್ಟರ್ ಇವತ್ತು ನನ್ನನ್ನು ಪಕ್ಕಕ್ಕೆ ಕರೆದರು. ಮೇಷ್ಟ್ರ ಆ ಹಲ್ಲು ಫೆಬ್ರವರಿಯಿಂದಲೇ ನೋಯುತ್ತಿದೆಯಂತೆ. ಕಿತ್ತರೆ ಮಾತ್ರೆ ನುಂಗಬೇಕು, ನುಂಗಿದರೆ ಅಷ್ಟು ದಿನ ಕೊಡುವಂತಿಲ್ಲ, ಆ ಹುಡುಗನಿಗೆ ಮಜ್ಜೆ ಹಾಕುವ ತನಕ ತಡೆಯುತ್ತೇನೆ ಎಂದರಂತೆ. "ತೊಂದರೆ ಇಲ್ಲದ ಮಾತ್ರೇನೂ ಇದಾವೆ, ತಗೊಳ್ಳಿ ಅಂದ್ವಿ. 'ಯಾವುದು ಯಾವುದು ಅಂತ ನಂಗೆಲ್ಲಿ ಗೊತ್ತಾಗುತ್ತೆ, ಯಾವುದೂ ಬೇಡ' ಅಂತಾರೆ. ಅವರಿಗೆ ಹೇಳಿ ಹೇಳಿ ನಮಗೇ ಸಾಕಾಗಿದೆ" ಎಂದರು ಸಿಸ್ಟರ್.

ತಿಂಗಳುಗಟ್ಟಲೆ ಹಲ್ಲುನೋವು ತಿಂದುಕೊಂಡು, ಬಂದಾಗಲೆಲ್ಲ ನನ್ನನ್ನು ನಗಿಸಿದರು. ಯಾರ ತಮ್ಮನಿಗೋಸ್ಕರ? ನನ್ನ ತಮ್ಮನಿಗೋಸ್ಕರ. ಅವರು ನನಗೆ ಏನಾಗಬೇಕು? ಏನೂ ಆಗಬೇಕಾಗಿಲ್ಲ. ಮೊದಲ ದಿನ ಅವರನ್ನು ಕುರ್ಚಿಯಿಂದ ಎಬ್ಬಿಸಲು ಹೋಗಿದ್ದೆ ನಾನು.

ಲಾಂಡ್ರಿಗೆ ಬಂದು, ಮೊನ್ನೆ ಅವರು ಒಯ್ಯಲು ಮರೆತ ಅಂಗಿಗಳನ್ನು ಮತ್ತೆ ಒಗೆದೆ. ಕೊಳೆ ಇರಲಿಲ್ಲ. ಕೋಟಿನವರ ಗುಂಡಿಯನ್ನೂ ನಾನೇ ಹೊಲಿದುಕೊಟ್ಟೆ.

ಮೇ ೨೦, ಮಂಗಳವಾರ

ನನ್ನ ಸರದಿ ಬಂತು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಎಚ್ಚರವಾದಾಗ ಹೇಸರಗತ್ತೆ ಒದ್ದ ಹಾಗೆ ನೋವು. ತಮ್ಮ ಗಾಜಿನ ಕೋಣೆಯಲ್ಲಿದ್ದಾನೆ, ಫೋನಿನಲ್ಲಿ ಮಾತಾಡಿದ. "ಅಕ್ಕಾ, ನಿನ್ನ ಚೀಲ ಏರಿಸ್ತಿದಾರೆ. ಆಗ್ಲೇ ಯಾರನ್ನಾದ್ರೂ ಬೈಬೇಕು ಅನ್ನಿಸ್ತಿದೆ."

ಮಧ್ಯೆ ಪ್ಲೇಟ್‌ಲೆಟ್ ಕೊಟ್ಟವರು ಇಬ್ಬರೇ. ಒಮ್ಮೆ ಮೇಷ್ಟ್ರು, ಒಮ್ಮೆ ಕೋಟಿನವರು. ಕೋಟಿನವರು ಈಗಲೂ ಕಣ್ಣು ಮುಚ್ಚಿಕೊಂಡೇ ಕೊಡುತ್ತಾರೆ.

ಜೂನ್ ೧೭, ಮಂಗಳವಾರ

ಇವತ್ತಿನ ರಿಪೋರ್ಟು ನೋಡಿ ಡಾಕ್ಟರು ನಕ್ಕರು. ತಮ್ಮನ ಮೈ ತಾನೇ ಪ್ಲೇಟ್‌ಲೆಟ್ ಮಾಡುತ್ತಿದೆ! ಇನ್ನು ಯಾರೂ ಕೊಡಬೇಕಾಗಿಲ್ಲ. ಓಡಿಹೋಗಿ ಮೇಷ್ಟ್ರಿಗೆ ಫೋನು ಮಾಡಿದೆ.

"ಹಾಗಾದ್ರೆ ಹಲ್ಲು ಕೀಳಿಸ್ಕೋಬಹುದಾ?" ಎಂದರು. ಕೇಳಿದ್ದು ಅದೊಂದೇ.

ಜುಲೈ ೧, ಮಂಗಳವಾರ

ಮೇಷ್ಟ್ರು ಹಲ್ಲು ಕೀಳಿಸಿಕೊಂಡು, ವಾರ ಬಿಟ್ಟು ಮತ್ತೆ ಕುರ್ಚಿ ಏರಿದರಂತೆ, ಬೇರೆ ಯಾರಿಗೋ. ಹಲ್ಲು ಕಿತ್ತಾಗಲೂ ಮಾತ್ರೆ ನುಂಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೈದೆ. ಬೈಯದೆ ಇರಲಾಗಲಿಲ್ಲ.

ಮರುವರ್ಷ, ಜುಲೈ ೮, ಬುಧವಾರ

ಲಾಂಡ್ರಿಯ ಮೇಜು ಒರೆಸುವಾಗ ಈ ಡೈರಿ ಸಿಕ್ಕಿತು. ಬರೆಯುವುದನ್ನು ಯಾಕೆ ನಿಲ್ಲಿಸಿದೆನೋ ನೆನಪಿಲ್ಲ. ತಮ್ಮ ಮತ್ತೆ ವ್ಯಾನು ಓಡಿಸಿ ಮನೆಮನೆಗೆ ಬಟ್ಟೆ ತಲುಪಿಸುತ್ತಿದ್ದಾನೆ. ಗಿರಾಕಿಗಳ ಜೊತೆ ಜಗಳವಾಡಿ ಬರುತ್ತಾನೆ, ಕೇಳಿದರೆ "ನಿನ್ನ ಮಜ್ಜೆ" ಎನ್ನುತ್ತಾನೆ. ಸಮಾಧಾನ ಮಾಡಿ ಕಳಿಸುವುದು ಈಗ ನನ್ನ ಕೆಲಸ.

ಇವತ್ತು ಮೇಷ್ಟ್ರು ಕೊನೆಯ ಸಲ ಕೊಟ್ಟರು. ನಾಳೆಗೆ ಅವರ ವಯಸ್ಸು ರಕ್ತ ಕೊಡುವವರ ಗಡಿ ದಾಟುತ್ತದೆ, ಆಮೇಲೆ ತೆಗೆದುಕೊಳ್ಳುವುದಿಲ್ಲ. ಸಿಸ್ಟರುಗಳೆಲ್ಲ ಸುತ್ತ ನಿಂತಿದ್ದರು. ಸೂಜಿ ತೆಗೆದ ಮೇಲೂ ಅವರು ಸ್ವಲ್ಪ ಹೊತ್ತು ಏಳಲಿಲ್ಲ, ಕಂಬಳಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಎಷ್ಟು ಜನರ ರಕ್ತ ನಿಲ್ಲಿಸಿದ ತೋಳು ಅದು! ನಾನು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರಿಗೆ ಸಂಕೋಚವಾಯಿತು. "ಅಯ್ಯೋ, ಬಿಡು ತಂಗೀ" ಎಂದರು.

ಹೊರಡುವಾಗ ಸಿಸ್ಟರ್ ಹತ್ತಿರ ನನ್ನ ತೂಕ, ನರ ಎಲ್ಲ ತೋರಿಸಿ ಬಂದೆ. ಸುಮ್ಮನೆ.

ಜುಲೈ ೨೧, ಮಂಗಳವಾರ

ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ಮಂಡಿನೋವಿಗೆ ಮಾತ್ರೆ ನುಂಗಿದರಂತೆ. "ತಂಗೀ, ಅರ್ಧ ಗಂಟೇಲಿ ನೋವು ಮಾಯ! ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ನಂಗೆ ಯಾರೂ ಹೇಳ್ಲೇ ಇಲ್ವಲ್ಲ!" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಫೋನಿಟ್ಟೆ.

ಬೆಳಗಿನಿಂದ ಹಬೆಯಲ್ಲಿ ನಿಂತು ತಲೆ ಒಡೆದುಹೋಗುವಷ್ಟು ನೋವು. ಇವರು ಎಂದಿನಂತೆ ಲೋಟಕ್ಕೆ ಬಿಲ್ಲೆ ಹಾಕಿ ತಂದರು. ಬುಸ್ಸೆನ್ನುತ್ತಿತ್ತು. ಬೇಡ ಎಂದೆ. ಶುಕ್ರವಾರ ಮೇಷ್ಟ್ರ ಕುರ್ಚಿಯಲ್ಲಿ ನಾನು ಕೂರಬೇಕು. ಯಾರಿಗೆಂದು ಕೇಳಿಲ್ಲ.

ಇವರು ಲೋಟದ ನೀರು ಚೆಲ್ಲಿ ಬಂದು ಒದ್ದೆ ಬಟ್ಟೆ ಹಿಂಡಿ ನನ್ನ ಹಣೆಯ ಮೇಲೆ ಹಾಕಿದರು. ಇನ್ನೂ ಒಂದು ಮೂಟೆ ಇಸ್ತ್ರಿ ಬಾಕಿ ಇದೆ.